ಬಿಸಿಲಿಗೆ ಬಿಡಿಸಿದ ಕೊಡೆ

ಹೊಳೆದಂಡೆಯಲ್ಲಿ ಒಂದು ಪುಟ್ಟ ಆಶ್ರಮ. ಮನೆ ಎಂದರೂ ಸರಿಯೇ. ಅಂಗಳದ ತುಂಬ ಕನಕಾಂಬರ.

ಗುರುವಿನ ಹೆಸರು ನೀಲಾಂಬಿಕೆ. ಎಲ್ಲರೂ ಅವ್ವ ಎನ್ನುತ್ತಿದ್ದರು. ಗಿಡಗಳಿಗೆ ನೀರು ಹೊರುವುದು ಶಿಷ್ಯೆ ಅನಸೂಯಳ ಪಾಲಿನ ಸೇವೆ.

ಆ ಬೇಸಿಗೆ ಬಾವಿಯ ತಳ ಕಂಡಿತು. ನೀರು ಉಳಿಯಲೆಂದು ಭಕ್ತರೊಬ್ಬರು ಗೋಡೆಗೆ ಒಂದು ಪೆಟ್ಟಿಗೆ ಹಾಕಿಸಿಕೊಟ್ಟರು. ಅದು ಹವಾಮಾನ ನೋಡಿಕೊಂಡು ತಾನೇ ನೀರು ಬಿಡುತ್ತಿತ್ತು. ಬಿಸಿಲಿದ್ದರೆ ಹೆಚ್ಚು, ಮೋಡವಿದ್ದರೆ ಕಡಿಮೆ. ಸೂರಿನ ಮೇಲೆ ಮಳೆ ಹಿಡಿಯುವ ಬಟ್ಟಲು. ಅದು ತುಂಬಿದರೆ ಪೆಟ್ಟಿಗೆಯಲ್ಲಿ ನೀಲಿ ದೀಪ ಹತ್ತಿ, ನೀರು ನಿಲ್ಲುತ್ತಿತ್ತು.

ಅನಸೂಯಳ ಕೊಡ ಮೂಲೆ ಸೇರಿತು.

ಸ್ವಲ್ಪ ದಿನಕ್ಕೇ ಪೆಟ್ಟಿಗೆಯ ನೀರು ನಿಂತು, ಕೊಡ ಮತ್ತೆ ಅವಳ ಸೊಂಟಕ್ಕೆ ಬಂತು. ಅವ್ವ ಏನೂ ಕೇಳಲಿಲ್ಲ.

ಒಂದು ಬೆಳಿಗ್ಗೆ, ಚುರುಗುಟ್ಟುವ ಬಿಸಿಲಲ್ಲಿ, ಅವ್ವ ಅಂಗಳದಲ್ಲಿ ಚಾಪೆ ಹಾಸಿ ಕೊಡೆ ಬಿಡಿಸಿಕೊಂಡು ಕೂತಿದ್ದರು.

“ಇದೇನವ್ವಾ?”

“ಮಳೆ ಕಣೇ. ನೀಲಿ ದೀಪ ನೋಡು. ವಾರದಿಂದ ಬಿಟ್ಟೇ ಇಲ್ಲ. ನಿನಗೆ ನೆಗಡಿ ಆದೀತು, ಒಳಗೆ ಹೋಗು.”

ಅನಸೂಯ ಹೋಗಲಿಲ್ಲ. ಕೊಡ ಕೆಳಗಿಟ್ಟಳು.

“ಬಟ್ಟಲಿಗೆ ನೀರು ಹಾಕ್ತಿರೋದು ನಾನೇ.”

“ಏಣಿ ಹತ್ತಿ?”

“ಹೂಂ.”

“ಬಿದ್ದಿದ್ದರೆ?”

ಅನಸೂಯ ಸೂರಿನತ್ತ ನೋಡಿದಳು.

“ಈ ಗಿಡದ ಬುಡಕ್ಕೆ ಕೈ ಹಾಕು,” ಎಂದರು ಅವ್ವ.

ಮಣ್ಣು ಕೆಸರಾಗಿತ್ತು. ಮೇಲೆ ಎಲೆಗಳು ಹಳದಿಗೆ ತಿರುಗಿದ್ದವು.

“ನಿನ್ನೆ ಮೊನ್ನೆ ಮೋಡ ಮುಚ್ಚಿತ್ತಲ್ಲ, ಇದಕ್ಕೆ ಬಾಯಾರಿರಲಿಲ್ಲ. ಬಾವಿಯೂ ಮತ್ತೆ ಇಳಿದಿದೆ.”

“ನಾನು ನೋಡಲಿಲ್ಲ ಅವ್ವಾ.”

“ನೀನು ಕೊಡ ನೋಡ್ಕೊಂಡಿದ್ದೆ. ಆಕಾಶ ನೋಡೋಕೆ ಪುರುಸೊತ್ತೆಲ್ಲಿ?”

ಅನಸೂಯಳ ಕಣ್ಣು ತುಂಬಿತು. ಕೆಸರು ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

“ನನಗೆ ಬರೋದು ಇದೊಂದೇ. ಇದನ್ನೂ ಪೆಟ್ಟಿಗೆ ಮಾಡಿದರೆ, ನೀವು ನನ್ನನ್ನ ಯಾಕೆ ಇಟ್ಕೋತೀರಿ?”

ಅವ್ವ ಚಾಪೆಯ ಒಂದು ತುದಿಗೆ ಸರಿದರು. ಕೊಡೆಯನ್ನು ಖಾಲಿ ಜಾಗದ ಕಡೆಗೆ ವಾಲಿಸಿದರು. ಅವರ ಒಂದು ಹೆಗಲು ಬಿಸಿಲಿಗೆ ಬಂತು.

“ಬಿಸಿಲು ಜೋರಾಗಿದೆ,” ಎಂದರು. “ಕೊಡೆಯೊಳಗೆ ಬಾ.”