ಬೀಟೆಯಲ್ಲ, ಬಾಗೆ

ವಿಶ್ವವಿದ್ಯಾಲಯದಲ್ಲಿ ಮರವಿಜ್ಞಾನ ಕಲಿಸುತ್ತಿದ್ದ ನಂಜುಂಡಾರಾಧ್ಯರಿಗೆ ದಾಕ್ಷಾಯಿಣಿ ಎಂಬ ಶಿಷ್ಯೆ ಇದ್ದಳು. ವಿಭಾಗದಲ್ಲಿ ಅವಳಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಗುರುಗಳು ಊರಲ್ಲಿಲ್ಲದ ದಿನ ಅರಣ್ಯ ರಕ್ಷಕರು ಒಂದು ಮರದ ತುಂಡು ಹಿಡಿದುಕೊಂಡು ಬಂದರು. ಯಾರದೋ ಗಾಡಿಯಲ್ಲಿ ಸಿಕ್ಕ ಮರ. ಅಪ್ಪಣೆಯಿಲ್ಲದೆ ಬೀಟೆ ಕಡಿಯುವುದು ಅಪರಾಧ. ಇದು ಬೀಟೆಯೋ ಅಲ್ಲವೋ ಎಂದು ಅವರಿಗೆ ತಿಳಿಯಬೇಕಿತ್ತು.

“ಸರ್ ಇಲ್ವಾ? ಹಾಗಾದ್ರೆ ನಾಳೆ ಬರ್ತೀವಿ ಬಿಡಿ.”

“ಯಾಕೆ, ನಾನು ಹೇಳಬಾರದಾ?” ಎಂದಳು ದಾಕ್ಷಾಯಿಣಿ.

ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಾಢ ಕಂದು ಬಣ್ಣ, ನಡುವೆ ಕಪ್ಪು ಗೆರೆಗಳು.

“ಬೀಟೆ. ಅನುಮಾನವೇ ಬೇಡ.”

ಅವರು ಹೋದ ಮೇಲೆ ಮೇಜಿನ ಮೇಲೆ ಒಂದು ಚಕ್ಕೆ ಉಳಿದಿತ್ತು. ತಾನು ಹೇಳಿದ್ದು ಸರಿಯೆಂದು ಕಣ್ಣಾರೆ ನೋಡುವ ಹಿಗ್ಗಿನಲ್ಲಿ ಅದನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಬೀಟೆಯಲ್ಲಿ ಇರಬೇಕಾದ ಅಲೆಯಂಥ ಸಾಲುಗಳು ಕಾಣಲಿಲ್ಲ. ಇನ್ನೊಂದು ಸೀಳು ತೆಗೆದಳು. ಅದರಲ್ಲೂ ಇರಲಿಲ್ಲ. ಅದು ಬಾಗೆ ಮರ. ಯಾರ ಹೊಲದ ಬದುವಿನಲ್ಲಾದರೂ ಬೆಳೆಯುವಂಥದ್ದು.

ಫೋನ್ ಕೈಗೆತ್ತಿಕೊಂಡಳು. ಏನೆಂದು ಹೇಳುವುದು ಎಂದು ತಿಳಿಯದೆ ಕೆಳಗಿಟ್ಟಳು.

ಮರುದಿನ ಗುರುಗಳು ಬಂದರು. ಅರಣ್ಯ ರಕ್ಷಕರು ಮರ ತೋರಿಸಲು ಬಂದಿದ್ದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

“ಸರ್, ಬಾಗೆಯನ್ನು ಬೀಟೆ ಅಂದುಕೊಳ್ಳುವುದು ಎಂಥವರಿಗೂ ಆಗುತ್ತದೆ, ಅಲ್ಲವಾ?”

ಗುರುಗಳು ಅವಳ ಮುಖವನ್ನೇ ನೋಡಿದರು. “ಯಾರನ್ನು ಹಿಡಿದಿಟ್ಟಿದ್ದಾರೆ?”

ದಾಕ್ಷಾಯಿಣಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

“ಅವರ ಹೆಸರೇನು?”

“ಗೊತ್ತಿಲ್ಲ ಸರ್. ನಾನು ಕೇಳಲಿಲ್ಲ.”

“ಮರದ ಹೆಸರು ಹೇಳಿದೆ. ಹೋಗಿ ಮನುಷ್ಯನ ಹೆಸರು ಕೇಳಿಕೊಂಡು ಬಾ.”

“ನೀವೇ ಒಂದು ಫೋನ್ ಮಾಡಿದರೆ…”

ಗುರುಗಳು ಎದ್ದು ಹೋಗಿ ಬಾಗಿಲು ತೆರೆದು ಹಿಡಿದರು.

ಅರಣ್ಯ ಕಚೇರಿಯ ಜಗಲಿಯ ಮೇಲೆ, ಹಿಡಿದು ತಂದಿದ್ದ ಗಾಡಿಯವರು ಗೋಡೆಗೊರಗಿ ಕೂತಿದ್ದರು. ಅವಳ ತಂದೆಗಿಂತ ಹಿರಿಯರು. ದಾಕ್ಷಾಯಿಣಿ ಹತ್ತಿರ ಹೋಗಿ ಹೆಸರು ಕೇಳಿದಳು.

“ಚಿಕ್ಕಮಾದಯ್ಯ ಕಣವ್ವ.”

ಅವಳು ಒಳಗೆ ಹೋಗಿ ಅಧಿಕಾರಿಯ ಮುಂದೆ ನಿಂತಳು. “ನಾನು ಪರೀಕ್ಷೆ ಮಾಡದೆ ಹೇಳಿಬಿಟ್ಟೆ. ಅದು ಬೀಟೆಯಲ್ಲ, ಬಾಗೆ.”

“ಏನಮ್ಮಾ? ಗಟ್ಟಿಯಾಗಿ ಹೇಳಿ.”

ಗಟ್ಟಿಯಾಗಿ ಹೇಳಿದಳು. ಯಾರೋ ನಕ್ಕರು. ಅವಳ ಕಿವಿಗಳು ಬಿಸಿಯಾದವು.

ಚಿಕ್ಕಮಾದಯ್ಯನವರನ್ನು ಬಿಟ್ಟರು. ಗೇಟಿನ ಬಳಿ ದಾಕ್ಷಾಯಿಣಿ ಕೈಮುಗಿದಳು. “ನನ್ನಿಂದ ತಪ್ಪಾಯ್ತು. ಕ್ಷಮಿಸಿ.”

“ಬಂದು ಹೇಳ್ದಲ್ಲ, ಅಷ್ಟಾದ್ರೂ ಆಯ್ತು ಬುಡವ್ವ,” ಎಂದರು ಅವರು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಆದ್ರೆ ಜೀಪಿಗೆ ನನ್ನ ಹತ್ಸುದ್ದು ಊರೋರ ಮುಂದೆ. ಮೊಮ್ಮಕ್ಳು ನೋಡ್ತಾ ನಿಂತಿದ್ವು. ಕಳ್ಳ ಅಂದ್ರು ಕಣವ್ವ.”

ಹಿಂದಿರುಗಿ ನೋಡದೆ ನಡೆದುಬಿಟ್ಟರು.

ದಾಕ್ಷಾಯಿಣಿ ವಿಭಾಗಕ್ಕೆ ಮರಳಿದಾಗ ಗುರುಗಳು ಅಲ್ಲೇ ಕಾಯುತ್ತಿದ್ದರು.

“ಅವರ ಹೆಸರು ಚಿಕ್ಕಮಾದಯ್ಯ, ಸರ್. ಬಿಟ್ಟರು. ನಾನು ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ.”

“ಎಲ್ಲರ ಮುಂದೆ?”

ಆಗ ಅವಳು ಆ ಹಿರಿಯರು ಗೇಟಿನ ಬಳಿ ಆಡಿದ ಮಾತನ್ನು ತಿಳಿಸಿದಳು. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿ ಬಂತು.

“ಮುಖ ಎತ್ತಿ ಓಡಾಡುವ ಹಾಗಿಲ್ಲ ಸರ್. ಈ ನಾಚಿಕೆ ಯಾವಾಗ ಹೋಗುತ್ತದೆ?”

ಗುರುಗಳು ಹೇಳಿದರು: “ಅದು ಹೋಗುವ ಮೊದಲೇ ಚಿಕ್ಕಮಾದಯ್ಯನವರ ಊರಿಗೆ ಹೋಗಿ ಬಾ.”