ಏಳನೇ ಪಂಜರದ ಮುದಿ ಇಲಿ

ಮುಪ್ಪನ್ನು ಮುಂದೂಡುವ ಔಷಧ ಹುಡುಕುತ್ತಿದ್ದ ಪ್ರಯೋಗಾಲಯವೊಂದರಲ್ಲಿ, ಏಳನೇ ಪಂಜರದ ಬಿಳಿ ಇಲಿಗೆ ತನ್ನ ಆಯಸ್ಸಿನದೇ ಜಂಬ. ದಿನಾ ಬೆಳಗ್ಗೆ ಬಾಯಿಗೆ ಬೀಳುವ ಎರಡು ಹನಿಯೇ ಅದಕ್ಕೆ ಅಮೃತ.

ಒಂದು ದಿನ ಬಾಲ ತುಂಡಾದ ಹಲ್ಲಿಯೊಂದು ಗೋಡೆಯ ಮೇಲೆ ಬಂದಾಗ ಇಲಿ ಮೂಗು ಮುರಿಯಿತು. "ಬೆಕ್ಕಿಗೆ ಬಾಲ ಕೊಟ್ಟು ಓಡಿಬಂದ ನಿನ್ನದೂ ಒಂದು ಬಾಳೇ? ನನ್ನ ಓರಗೆಯವರೆಲ್ಲ ಸತ್ತರು, ನಾನಿನ್ನೂ ಗಟ್ಟಿಯಾಗಿದ್ದೇನೆ."

"ಸಿಕ್ಕ ಆಯಸ್ಸಿನಲ್ಲಿ ಏನು ಮಾಡಿದೆ?" ಎಂದಿತು ಹಲ್ಲಿ.

"ಉಳಿಸಿಕೊಂಡೆ! ಎದೆ ಸವೆದೀತೆಂದು ಪಂಜರದೊಳಗಿನ ಈ ಓಡುವ ಚಕ್ರ ಹತ್ತಲಿಲ್ಲ. ಚಿಂತೆ ಅಂಟೀತೆಂದು ಪಕ್ಕದ ಹೆಣ್ಣಿಲಿಯ ಕಡೆ ತಿರುಗಲಿಲ್ಲ. ಹೋದ ತಿಂಗಳು ಈ ಬಾಗಿಲು ದಿನವಿಡೀ ತೆರೆದೇ ಇತ್ತು. ಹನಿ ತಪ್ಪೀತೆಂದು ಹೊರಗೆ ಕಾಲಿಡಲಿಲ್ಲ."

"ಉಳಿಸಿಕೊಂಡು ಉಪ್ಪಿನಕಾಯಿ ಹಾಕುತ್ತೀಯಾ?"

ಅಷ್ಟರಲ್ಲಿ ವಿಜ್ಞಾನಿ ಇಂದುಮತಿ ಬಂದು, ಇಲಿಯ ತೂಕ ನೋಡಲೆಂದು ಪಂಜರದ ಬಾಗಿಲು ತೆರೆದರು. ಪ್ರಯೋಗ ಅಂದಿಗೆ ಮುಗಿದಿತ್ತು. ಯಾವ ಪಂಜರಕ್ಕೆ ಔಷಧ, ಯಾವುದಕ್ಕೆ ಬರೀ ನೀರು ಎಂದು ಬರೆದು, ಅಲ್ಲಿಯವರೆಗೆ ಯಾರೂ ನೋಡದಂತೆ ಮುಚ್ಚಿಟ್ಟಿದ್ದ ಲಕೋಟೆಯನ್ನು ಒಡೆದು ಗಟ್ಟಿಯಾಗಿ ಓದಿದರು: "ಏಳನೇ ಪಂಜರ, ಬರೀ ನೀರು."

ಹಲ್ಲಿ ಲೊಚಗುಟ್ಟಿತು. "ಕೇಳಿಸಿತೇ ಮಹಾರಾಯ? ಆ ಆಯಸ್ಸು ಹುಟ್ಟುತ್ತಲೇ ನಿನ್ನದಾಗಿತ್ತು. ಬಾಗಿಲು ತೆರೆದಿದೆ, ಈಗಲಾದರೂ ಓಡು!"

ಇಲಿ ಸಿಟ್ಟಿನಿಂದ ಚೀರಿತು. "ಎಂಥ ಮೋಸ! ಬರೀ ನೀರಿಗೇ ಇಷ್ಟು ಬದುಕಿದವನು ನಿಜವಾದ ಔಷಧಕ್ಕೆ ಇನ್ನೆಷ್ಟು ಬದುಕಿಯೇನು!"

ಹೀಗೆಂದು ತೆರೆದ ಬಾಗಿಲಿಗೆ ಬೆನ್ನು ಹಾಕಿ, ನಾಳೆಯ ಹನಿಗೆ ಇವತ್ತೇ ಬಾಯಿ ತೆರೆದು ಕೂತಿತು.