ಮುಟ್ಟದೆ ಬಿಟ್ಟ ವೈರು

"ಗುರುಗಳೇ, ಬೆಳಗ್ಗೆ ಏಳುವಾಗಲೇ ನಾನು ದಣಿದಿರುತ್ತೇನೆ. ಸಿಟ್ಟು ಬಿಟ್ಟೆ, ಹರಟೆ ಬಿಟ್ಟೆ, ಮಲಗುವ ಮುಂಚೆ ಫೋನು ನೋಡುವುದನ್ನೂ ಬಿಟ್ಟೆ. ಸುಮ್ಮನೆ ಮಲಗಿದವನ ಶಕ್ತಿ ಎಲ್ಲಿಗೆ ಹೋಗುತ್ತದೆ?"

ಹೀಗೆ ಕೇಳಿದವನು ಮಠದ ದಾಸೋಹ ನೋಡಿಕೊಳ್ಳುವ ಮರುಳಸಿದ್ಧ. ನಾಳೆ ಉಣ್ಣಲು ಎಷ್ಟು ಜನ ಬರುತ್ತಾರೋ, ಸಾರಿಗೆ ಬೇಳೆ ಸಾಲುತ್ತದೋ ಇಲ್ಲವೋ ಎಂಬುದು ಅವನ ಬಾಯಲ್ಲಿ ಸದಾ ಇರುವ ಮಾತು. ಗುರುಗಳು ನಕ್ಕು, ಕೂತುಕೋ ಎಂದರು. ಕತೆ ಶುರುಮಾಡಿದರು.

ಒಬ್ಬ ಚಾಲಕನಿದ್ದ. ಹಳೆಯ ವ್ಯಾನೊಂದೇ ಅವನ ಬದುಕು. ಪಕ್ಕದ ಮನೆಯ ಅಕ್ಕನ ಕಿಡ್ನಿ ಕೆಟ್ಟಿತ್ತು. ದಿನ ಬಿಟ್ಟು ದಿನ ಅವಳನ್ನು ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಅವನೇ ಕರೆದೊಯ್ಯುತ್ತಿದ್ದ. ಒಂದು ಸಲ ತಪ್ಪಿದರೂ ಅವಳ ಜೀವಕ್ಕೆ ಕುತ್ತು.

ಆ ವ್ಯಾನು ಹಟ ಹಿಡಿಯಿತು. ಸಂಜೆ ಸರಿಯಾಗಿಯೇ ತಂದು ನಿಲ್ಲಿಸುತ್ತಿದ್ದ. ಬೆಳಗ್ಗೆ ಕೀ ತಿರುಗಿಸಿದರೆ ಕಟ್ ಎಂಬ ಸದ್ದು, ಅಷ್ಟೆ. ಓಣಿಯವರು ತಳ್ಳುತ್ತಿದ್ದರು. ಅಕ್ಕ ಒಳಗೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಚಾಲಕ ಬ್ಯಾಟರಿಯನ್ನು ಬಾಯಿಗೆ ಬಂದಂತೆ ಬೈದು ಹೊಸದು ಹಾಕಿಸಿದ. ಅದೂ ಹಳೆಯದರ ದಾರಿಯನ್ನೇ ಹಿಡಿಯಿತು. ಕಡೆಗೆ ತಳ್ಳಿದರೂ ಏಳದ ಬೆಳಗು ಬಂದೇ ಬಂತು.

ಮೆಕ್ಯಾನಿಕ್ ಓಡಿ ಬಂದ. ಸ್ಟಿಯರಿಂಗಿನ ಪಕ್ಕದಲ್ಲಿದ್ದ ವೀರಭದ್ರನ ಮೂರ್ತಿಗೆ ಕೈಮುಗಿದು ಕೆಲಸಕ್ಕಿಳಿದ. ಕೀ ತೆಗೆಸಿ, ಬ್ಯಾಟರಿಯ ಒಂದು ವೈರು ಬಿಚ್ಚಿ ನಡುವೆ ಮೀಟರ್ ಇಟ್ಟ. ಗಾಡಿ ಮಲಗಿದೆ, ಕರೆಂಟು ಮಾತ್ರ ಹರಿಯುತ್ತಿದೆ. "ಯಾವುದೋ ಕದ್ದು ಕುಡೀತೈತೆ" ಎಂದವನೇ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ರೇಡಿಯೋದ್ದು ತೆಗೆದ, ಹಾರ್ನಿನದು ತೆಗೆದ, ಒಳಗಿನ ಲೈಟಿನದೂ ತೆಗೆದ. ಮೀಟರಿನ ಮುಳ್ಳು ಜಗ್ಗಲಿಲ್ಲ. ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತರು.

ಅಕ್ಕ ಮುಂದಿನ ಸೀಟಿನಲ್ಲೇ ಇದ್ದಳು. "ಕೀ ನಿನ್ನ ಜೇಬಿನಾಗೈತೆ. ದೇವರ ಮುಂದಿನ ಬಲ್ಬು ಹೆಂಗೆ ಉರೀತೈತೆ ತಮ್ಮಾ?"

"ಅದು ದೇವರದು ಅಕ್ಕಾ. ಆರಬಾರದು ಅಂತ ನಾನೇ ಬ್ಯಾಟರಿಯಿಂದ ನೇರ ವೈರು ಎಳೆದೀನಿ. ಅದನ್ನ ಲೆಕ್ಕಕ್ಕೆ ಹಿಡೀಬ್ಯಾಡ."

ಹೇಳಿದವನಿಗೇ ತನ್ನ ಮಾತು ಕೇಳಿಸಿತು. ತಾನೇ ಬಗ್ಗಿ ಮೂರ್ತಿಯ ಹಿಂದಿನ ವೈರು ತೋರಿಸಿದ. ಮೆಕ್ಯಾನಿಕ್ ಮತ್ತೊಮ್ಮೆ ಕೈಮುಗಿದು ಆ ವೈರನ್ನು ಬಿಚ್ಚಿದ. ಮುಳ್ಳು ಸೊನ್ನೆಗೆ ಬಂದು ಕೂತಿತು.

ಅಂದು ಬೇರೆ ಗಾಡಿಯ ಬ್ಯಾಟರಿ ತಾಗಿಸಿ ವ್ಯಾನು ಎಬ್ಬಿಸಿದರು. ಅಕ್ಕ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದಳು. ಬಲ್ಬನ್ನು ಕೀ ಜೊತೆ ಸೇರಿಸಿದ್ದಾಯಿತು. ಗಾಡಿ ಎದ್ದಾಗ ದೇವರ ಮುಂದೆ ಬೆಳಕು, ಮಲಗಿದಾಗ ಕತ್ತಲು. ಮುಂದಿನ ಸರದಿಯ ಬೆಳಗ್ಗೆ ಕೀ ತಿರುಗಿಸಿದ್ದೇ ತಡ, ವ್ಯಾನು ಎದ್ದು ಗುರುಗುಟ್ಟಿತು. ತಳ್ಳಲು ಬಂದಿದ್ದ ಓಣಿಯವರು ಖಾಲಿ ಕೈ ನೋಡಿಕೊಂಡು ನಕ್ಕರು. ಚಾಲಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕಣ್ಣು ತುಂಬಿ ಬಂತು. ಅಕ್ಕ ಮೊದಲ ಬಾರಿಗೆ ಕಣ್ಣು ಬಿಟ್ಟುಕೊಂಡೇ ಹೊರಟಳು.

ಕತೆ ಕೇಳಿ ಮರುಳಸಿದ್ಧನಿಗೂ ಹಾಯೆನಿಸಿತು. "ದೀಪ ಆರಿಸಿದ್ದಕ್ಕೆ ದೇವರು ಮುನಿಯಲಿಲ್ಲವೇ, ಗುರುಗಳೇ?" ಎಂದ.

"ದೇವರಿಗೂ ಅಂದು ಒಳ್ಳೆಯ ನಿದ್ದೆ ಬಂತು, ಮರುಳಸಿದ್ಧ. ದಾಸೋಹದ ಬೇಳೆಯ ಚಿಂತೆಯನ್ನು ನೀನು ಯಾವ ಕೀಗೆ ಸೇರಿಸಿದ್ದೀಯೆ?"